ಒಂಬತ್ತನೆಯ ಕಂತಿನ ಹೆಣ್ಣುಮಗಳ ಗಂಡ

ಅವರು ತೀರಿಹೋದದ್ದು ಕಳೆದ ತಿಂಗಳು. ಮಣ್ಣು ಮುಗಿಸಿಕೊಂಡು ತುರ್ವಿಹಾಳದಿಂದ ಸಿಂಧನೂರಿಗೆ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಫೋನು ಗುಂಯ್ ಎಂದಿತು. ನಮ್ಮ ‘ಬಾವಿ ಬಳಗ’ದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಶ್ರದ್ಧಾಂಜಲಿ ಹಾಕಿದ್ದರು. ಕೈಮುಗಿದ ಚಿಹ್ನೆ ಮೂರು, ಹೂವು ಎರಡು, ಮೇಲೊಂದು ಚಿತ್ರ: ಕೆಸರುಗದ್ದೆಯಲ್ಲಿ ಬಾಗಿಕೊಂಡು ಹಿಂದಕ್ಕೆ ನಡೆಯುತ್ತಿರುವ ಒಬ್ಬ ಹೆಂಗಸು. ಅದರ ಕೆಳಗೆ, ‘ಅನಾಮಿಕಳ ಲೋಕಕ್ಕೆ ಹೊರಟ ನಮ್ಮ ಹಿರಿಯ ಅಭಿಮಾನಿ’ ಎಂಬ ಸಾಲು. ನಾನು ಕೂತಲ್ಲೇ ಹಲ್ಲು ಕಡಿದೆ. ಪಕ್ಕದಲ್ಲಿದ್ದ ಹೆಣ್ಣುಮಗಳು, “ಯಾಕ್ರಿ, ಹಲ್ಲು ನೋಯಾಕತ್ತೇತೇನ್ರಿ?” ಎಂದು ಕೇಳಿದಳು. ಹೌದು ಎಂದೆ.

ಸಿಟ್ಟು ಯಾರ ಮೇಲೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಳಗದವರ ಮೇಲೆ ಇದೆ. ಅವರಿಗಿಂತ ಒಂದು ಹಿಡಿ ಹೆಚ್ಚು ನನ್ನ ಮೇಲೆಯೇ ಇದೆ. ಆ ಚಿತ್ರದಲ್ಲಿರುವವಳು ಅನಾಮಿಕಳಲ್ಲ ಎಂಬುದು ಬಳಗದ ಪ್ರತಿಯೊಬ್ಬರಿಗೂ ಗೊತ್ತು. ಆಕೆ ಈ ತೀರಿಹೋದವರ ಹೆಂಡತಿ. ಚಿತ್ರದ ಕೆಳಗೆ ಆಕೆಯ ಹೆಸರು ಹಾಕಿಸಿ ಎಂದು ಆ ಮನುಷ್ಯ ನಮ್ಮನ್ನು ಕೇಳಿಕೊಂಡಿದ್ದರು. ಬದುಕಿನಲ್ಲಿ ಅವರು ನಮ್ಮನ್ನು ಕೇಳಿದ್ದು ಅದೊಂದೇ. ನಾವು ಹಾಕಲಿಲ್ಲ.

ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಅವರು ಅಲ್ಲಿಯ ಜವಾನರು. ಈಗ ಅವರು, ಇವರು ಎಂದು ಮರ್ಯಾದೆ ಕೊಟ್ಟು ಬರೆಯುತ್ತಿದ್ದೇನೆ. ಇದ್ದಾಗ ನಿನ್ನೆ ಮೊನ್ನೆ ಸೇರಿದ ಉಪನ್ಯಾಸಕನೂ ಅವರನ್ನು “ಬಾ ಇಲ್ಲಿ” ಎಂದೇ ಕರೆಯುತ್ತಿದ್ದ. ದಿನಾ ತುರ್ವಿಹಾಳದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಸಣ್ಣ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿವಿಯ ಮೇಲೆ ಯಾವಾಗಲೂ ಒಂದು ಚಾಕ್‌ಪೀಸು.

ಈ ಚಾಕ್‌ಪೀಸು ಹಂಚುವುದರಲ್ಲಿ ಅವರದೇ ಒಂದು ಕಾನೂನು ಇತ್ತು. ಗಂಟೆ ಹೊಡೆದ ಕೂಡಲೇ ಎದ್ದು ಕ್ಲಾಸಿಗೆ ಹೋಗುವವರಿಗೆ ಇಡೀ ಚಾಕ್‌ಪೀಸು. ಸ್ಟಾಫ್ ರೂಮಿನಲ್ಲಿ ಹರಟೆ ಹೊಡೆಯುತ್ತ ಕೂರುವವರಿಗೆ ತುಂಡು. ಬಾಯಿಂದ ಒಂದು ಮಾತಿಲ್ಲ. ಅಂಗೈಯಲ್ಲಿ ತುಂಡು ಇಟ್ಟು ಹೋಗಿಬಿಡುತ್ತಿದ್ದರು. ಹೊಸದಾಗಿ ಬಂದವರಿಗೆ ಇದರ ಅರ್ಥ ತಿಳಿಯಲು ಆರು ತಿಂಗಳು ಬೇಕಾಗುತ್ತಿತ್ತು. ನನಗೆ ಹನ್ನೊಂದು ವರ್ಷ ಇಡೀ ಚಾಕ್‌ಪೀಸೇ ಸಿಕ್ಕಿತು, ಅದನ್ನು ನಾನು ಮನೆಯಲ್ಲೂ ಹೇಳಿಕೊಂಡು ತಿರುಗಿದ್ದೇನೆ.

ಒಮ್ಮೆ ಪ್ರಿನ್ಸಿಪಾಲರು, ಹುಡುಗರು ಬೆಂಚಿನ ಮೇಲೆ ಕೊರೆದದ್ದನ್ನೆಲ್ಲ ಉಜ್ಜಿ ತೆಗೆಯಬೇಕೆಂದು ಹೇಳಿದರು. ಇವರು ಉಜ್ಜುಕಾಗದ ಹಿಡಿದು ಮೂರು ದಿನ ಕೂತರು. ನಾಲ್ಕನೆಯ ದಿನ ನೋಡಿದರೆ ಬೈಗುಳಗಳು ಹೋಗಿದ್ದವು, ಬಾಣ ಚುಚ್ಚಿದ ಹೃದಯಗಳು ಹೋಗಿದ್ದವು, ಹೆಸರುಗಳು ಮಾತ್ರ ಹಾಗೆಯೇ ಇದ್ದವು. ಪ್ರಿನ್ಸಿಪಾಲರು ರೇಗಿದರು. “ಹೆಸರು ಹ್ಯಾಂಗ ಅಳಸ್ಲಿ ಸರ್ರ, ಅವರವ್ವ ಅಪ್ಪ ಇಟ್ಟಿದ್ದು. ನೀವು ಖುದ್ದ ಅಳಸ್ರಿ ಬೇಕಾದ್ರ” ಎಂದು ಉಜ್ಜುಕಾಗದವನ್ನು ಮೇಜಿನ ಮೇಲೆ ಇಟ್ಟರು. ಪ್ರಿನ್ಸಿಪಾಲರು ಅಳಿಸಲಿಲ್ಲ. ಆ ಬೆಂಚುಗಳು ಈಗಲೂ ಇವೆ.

ಇನ್ನು ನಮ್ಮ ಬಳಗದ ಕಥೆ. ಇಪ್ಪತ್ತು ವರ್ಷಕ್ಕೂ ಹಿಂದೆ ಟಿವಿಯಲ್ಲಿ ‘ಗಡಿಯಾರದ ಬಾವಿ’ ಎಂಬ ಧಾರಾವಾಹಿ ಬಂದಿತ್ತು. ಹದಿಮೂರೇ ಕಂತು. ಹಳಿಯೇ ಇಲ್ಲದ ಊರಿನಲ್ಲಿ ಒಬ್ಬ ಸ್ಟೇಷನ್ ಮಾಸ್ತರ ಹಸಿರು ಬಾವುಟ ಹಿಡಿದು ನಿಂತಿರುತ್ತಾನೆ. ಊರಿನವರು ತಮ್ಮ ತಮ್ಮ ಗಡಿಯಾರಗಳನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಡುತ್ತಾರೆ. ಒಂದು ಎಮ್ಮೆ ರೇಡಿಯೋ ವಾರ್ತೆ ಓದುತ್ತದೆ. ಆಗ ಇದನ್ನು ಯಾರೂ ನೋಡಲಿಲ್ಲ, ನೋಡಿದವರು ಟಿವಿ ಕೆಟ್ಟಿದೆ ಎಂದುಕೊಂಡರು. ಈಚೆಗೆ ಯಾರೋ ಅದನ್ನು ಯೂಟ್ಯೂಬಿಗೆ ಹಾಕಿದರು. ನೋಡುನೋಡುತ್ತ ಅದಕ್ಕೆ ಭಕ್ತರು ಹುಟ್ಟಿಕೊಂಡರು. ನಮ್ಮ ಕಡೆಯ ಭಕ್ತರು ಹದಿನಾಲ್ಕು ಮಂದಿ. ಸಿಂಧನೂರು, ಲಿಂಗಸುಗೂರು, ಮಸ್ಕಿಯಿಂದ ಸೇರಿ ಪ್ರತಿ ರವಿವಾರ ಮಧ್ಯಾಹ್ನ ನಮ್ಮ ಕಾಲೇಜಿನ ಒಂದು ಕೋಣೆಯಲ್ಲಿ ಕೂತು, ಕಂತು ಹಾಕಿಕೊಂಡು, ಅದರ ಅರ್ಥಕ್ಕಾಗಿ ಬಡಿದಾಡುತ್ತಿದ್ದೆವು. ಬಡಿದಾಟ ಎಂದರೆ ಬಡಿದಾಟವೇ. ಎಮ್ಮೆ ಸರಕಾರವೋ ಅಂತರಾತ್ಮವೋ ಎಂಬ ಪ್ರಶ್ನೆಯ ಮೇಲೆ ಇಬ್ಬರು ಎರಡು ತಿಂಗಳು ಮಾತು ಬಿಟ್ಟಿದ್ದರು.

ನಮ್ಮ ಜಗಳದಲ್ಲಿ ಮುಂದಾಳುಗಳು ಇಬ್ಬರು. ಒಬ್ಬರು ಲಿಂಗಸುಗೂರಿನ ಔಷಧಿ ಅಂಗಡಿಯವರು. ಅವರಿಗೆ ಯಾವುದನ್ನು ಕಂಡರೂ ತಂತ್ರಶಾಸ್ತ್ರ ಕಾಣಿಸುತ್ತಿತ್ತು. ಇನ್ನೊಬ್ಬರು ಮಸ್ಕಿಯ ಇತಿಹಾಸದ ಮಾಸ್ತರರು. ಅವರಿಗೆ ಎಲ್ಲವೂ ಸಂಕೇತ. ನಾನು ಮೂರನೆಯವನು, ಬರೆದಿಡುವವನು.

ರವಿವಾರ ಕೋಣೆಯ ಬೀಗ ತೆರೆಯಲು ಜವಾನರು ತುರ್ವಿಹಾಳದಿಂದ ಬರುತ್ತಿದ್ದರು. ಬರಲೇಬೇಕೆಂದು ನಾವು ಹೇಳಿರಲಿಲ್ಲ, ಕೀಲಿ ಕೊಟ್ಟರೆ ಸಾಕಿತ್ತು. ಆದರೂ ಬರುತ್ತಿದ್ದರು. ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಚಹಾದ ಕೆಟ್ಲು ತಂದಿಟ್ಟು, ಹಿಂದೆ ಸ್ವಿಚ್ಚುಗಳ ಹತ್ತಿರ ನಿಲ್ಲುತ್ತಿದ್ದರು. ರಜಾ ದಿನವೂ ಮನೆಯಲ್ಲಿ ಹೊತ್ತು ಹೋಗುವುದಿಲ್ಲವೇನೋ ಎಂದುಕೊಂಡಿದ್ದೆವು. ಒಂದು ವಿಚಿತ್ರ ಮಾತ್ರ ನಡೆಯುತ್ತಿತ್ತು. ಒಂಬತ್ತನೆಯ ಕಂತು ಹಾಕಿದಾಗ, ಹಿಂದಕ್ಕೆ ನಡೆಯುವ ಹೆಂಗಸು ಬರುವ ಹೊತ್ತಿಗೆ ಸರಿಯಾಗಿ, ಫ್ಯಾನು ನಿಂತುಹೋಗುತ್ತಿತ್ತು. ನಮ್ಮ ರಾಯಚೂರು ಸೀಮೆಯ ಬಿಸಿಲು ಬಲ್ಲವರಿಗೆ ಒಂದು ನಿಮಿಷ ಫ್ಯಾನು ನಿಂತರೆ ಏನು ಎಂಬುದು ಗೊತ್ತು. “ಫ್ಯಾನ್ ಹಚ್ಚೋ ಮಾರಾಯಾ, ಬೇಯಾಕತ್ತೀವಿ” ಎಂದು ನಾವೆಲ್ಲ ಕೂಗುತ್ತಿದ್ದೆವು. ಆ ಹೆಂಗಸು ಹೋದ ಮೇಲೆ ಫ್ಯಾನು ತಿರುಗುತ್ತಿತ್ತು. ಪ್ರತಿ ಸಲವೂ ಹೀಗೆಯೇ. ಫ್ಯಾನಿನ ಗಾಳಿಗೆ ಬಟ್ಟೆ ಅಲುಗಿ ಆಕೆಯ ಮುಖ ಕದಡುತ್ತಿತ್ತು, ಅದಕ್ಕೆ ನಿಲ್ಲಿಸುತ್ತಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಆ ದೃಶ್ಯವೆಂದರೆ ನಮ್ಮ ಬಳಗಕ್ಕೆ ಹುಚ್ಚು. ಬರಿಯ ಕೆಸರು, ಗಿಡವಿಲ್ಲ, ಬೆಳೆಯಿಲ್ಲ. ಒಬ್ಬ ಹೆಂಗಸು ನಡು ಬಾಗಿಸಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಬರುತ್ತಾಳೆ. ಬಲಗೈಯ ಮೂರು ಬೆರಳು ಕೂಡಿಸಿ ಮತ್ತೆ ಮತ್ತೆ ಕೆಸರು ಮುಟ್ಟುತ್ತಾಳೆ. ನಡುವೆ ಒಮ್ಮೆ ತಲೆ ಎತ್ತಿ, ಕ್ಯಾಮರಾದ ಪಕ್ಕಕ್ಕೆ ನೋಡಿ, ಏನೋ ಹೇಳಿ ನಗುತ್ತಾಳೆ. ಮಾತು ಕೇಳುವುದಿಲ್ಲ, ಗಡಿಯಾರದ ಟಿಕ್‌ಟಿಕ್ ಮಾತ್ರ. ಇಷ್ಟೇ. ಇದರ ಮೇಲೆ ನಾವು ಒಂದು ವರ್ಷ ಮಾತಾಡಿದೆವು. ಕಾಲ ಹಿಂದಕ್ಕೆ ಹೋಗುವುದರ ಸಂಕೇತ ಎಂದರು ಮಾಸ್ತರರು. ಬೆರಳು ಕೂಡಿಸಿದ್ದು ಒಂದು ಗುಪ್ತ ಮುದ್ರೆ, ಬಾಯಲ್ಲಿ ಹೇಳುವುದು ಬೀಜಮಂತ್ರ ಎಂದರು ಔಷಧಿ ಅಂಗಡಿಯವರು. ನಾನು ಹನ್ನೊಂದು ಪುಟದ ಲೇಖನ ಬರೆದು, ಈ ಹೆಣ್ಣು ಚರಿತ್ರೆಗೆ ಬೆನ್ನು ತೋರಿಸುತ್ತಿಲ್ಲ, ಚರಿತ್ರೆಯೇ ಆಕೆಗೆ ಬೆನ್ನು ತೋರಿಸಿದೆ ಎಂದು ಮುಗಿಸಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಹಿಂದಿನಿಂದ ಕೆಟ್ಲು ಕೆಳಗಿಟ್ಟ ಸದ್ದಾಯಿತು. ಜವಾನರು ಮುಂದೆ ಬಂದರು. ಚಪ್ಪಲಿ ಕಳಚಿ, ಪ್ಯಾಂಟು ಮೊಣಕಾಲವರೆಗೆ ಮಡಿಚಿ, ಕರಿಹಲಗೆಯ ಹತ್ತಿರ ಬಾಗಿ ನಿಂತರು. ಎಡಗೈಯಲ್ಲಿ ಇಲ್ಲದ ಒಂದು ಕಟ್ಟು ಹಿಡಿದಂತೆ ಮಾಡಿ, ಬಲಗೈಯ ಮೂರು ಬೆರಳಿನಿಂದ ನೆಲ ಚುಚ್ಚುತ್ತ, ಬಿರಬಿರನೆ ಹಿಂದಕ್ಕೆ ನಡೆದು ಬಾಗಿಲವರೆಗೆ ಹೋದರು. ನಾವು ನಕ್ಕೆವು. ಅವರು ನಡು ನೆಟ್ಟಗೆ ಮಾಡಿಕೊಂಡು ಹೇಳಿದರು:

“ಮುದ್ರಿ ಅಲ್ರಿ ಇದು. ಸಸಿ ಹಚ್ಚೋದು. ನೆಲ್ಲು ಹಚ್ಚೋರು ಹಿಂದಕ್ಕ ನಡೀತಾರ್ರಿ. ಮುಂದಕ್ಕ ನಡದ್ರ ಹಚ್ಚಿದ್ದನ್ನ ತಾವ ತುಳೀತಾರ.”

ಎಂಥ ನಾಚಿಕೆಗೇಡು ನೋಡಿ. ನಾವು ಕೂತದ್ದು ಸಿಂಧನೂರಿನಲ್ಲಿ. ಕಿಟಕಿ ತೆರೆದರೆ ಅಕ್ಕಿ ಗಿರಣಿಯ ಹೊಟ್ಟಿನ ವಾಸನೆ. ಊರು ದಾಟಿದರೆ ಕಾಲುವೆ, ಕಾಲುವೆಯ ಎರಡೂ ಕಡೆ ನೆಲ್ಲು. ಮೂರು ಹೊತ್ತು ಅನ್ನ ಉಣ್ಣುವ ಹದಿನಾಲ್ಕು ಮಂದಿಗೆ, ಒಬ್ಬ ಹೆಂಗಸು ನಾಟಿ ಹಚ್ಚುತ್ತಿದ್ದಾಳೆ ಎಂಬುದು ಗೊತ್ತಾಗಲಿಲ್ಲ. ಉಳಿದವರನ್ನು ಬಿಡಿ. ನಾನು ವಳಕಮದಿನ್ನಿಯವನು. ನನ್ನ ಅವ್ವ ನನ್ನ ಕಾಲೇಜು ಮುಗಿಯುವವರೆಗೆ ಮಂದಿ ಗದ್ದೆಯಲ್ಲಿ ಸಸಿ ಹಚ್ಚಿದವಳು. ಅವಳ ಬೆನ್ನು ನನ್ನ ಕಡೆಗೆ ಬರುವುದನ್ನು ಬದುವಿನ ಮೇಲೆ ಕೂತು ಎಷ್ಟು ಸಲ ನೋಡಿದ್ದೇನೋ. ಅಂಥ ನಾನು ಹನ್ನೊಂದು ಪುಟ ಬರೆದೆ. ಕೈಯಲ್ಲಿ ಸಸಿ ಕಾಣಲಿಲ್ಲ ಎಂಬುದೊಂದಕ್ಕೆ ಅವ್ವನನ್ನೇ ಗುರುತಿಸದೆ ಹೋದೆ. ಥೂ ನನ್ನ.

“ಕೈಯಾಗ ಸಸಿ ಇಲ್ಲಲ್ಲ ಮತ್ತ?” ಎಂದು ಮಾಸ್ತರರು ಬಿಡದೆ ಕೇಳಿದರು.

“ಆ ವರ್ಷ ಕಾಲುವಿಗೆ ನೀರು ತಡ ಆಗಿ ಬಂದಿತ್ರಿ. ಸಸಿ ಇನ್ನಾ ಬಲಿತಿದ್ದಿಲ್ಲ. ಶೂಟಿಂಗ್‌ನೋರು ಬಂದವರು, ಹ್ಯಾಂಗ ಹಚ್ತೀರಿ ಜರಾ ತೋರಸ್ರಿ ಅಂದ್ರು. ಬರೇ ಕೈಲೆ ತೋರಿಸಿದ್ಲು. ಅದನ್ನ ಹಿಡಕೊಂಡು ಹೋಗ್ಯಾರ.” ಆಮೇಲೆ ಹೇಳಿದರು: “ಆಕಿ ನನ್ನ ಹೆಂಡ್ತಿ ರಿ.”

ಅಲ್ಲಿಗೆ ಮುಗಿಯಬೇಕಿತ್ತು. ನಾವು ಹದಿನಾಲ್ಕು ಜನ ಎದ್ದು ನಿಂತು, ಆ ಮನುಷ್ಯನಿಗೆ ಒಂದು ಕುರ್ಚಿ ಹಾಕಿ, ಆಕೆಯ ವಿಷಯ ಹೇಳಿ ಎಂದು ಕೇಳಬೇಕಿತ್ತು. ಏನು ಮಾಡಿದೆವು ಗೊತ್ತೇ? ಧಾರಾವಾಹಿಯ ಅರ್ಥ ತೀರ್ಮಾನಿಸುವಾಗ ಇಂಥ ಹೊರಗಿನ ಮಾಹಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೋ ಬಾರದೋ ಎಂದು ಅರ್ಧ ತಾಸು ಚರ್ಚೆ ಮಾಡಿದೆವು. ಅವರು ನಿಂತೇ ಇದ್ದರು, ಪ್ಯಾಂಟು ಮಡಿಚಿದ್ದು ಹಾಗೆಯೇ ಇತ್ತು. ಔಷಧಿ ಅಂಗಡಿಯವರಿಗೆ ಮಾತ್ರ ಆಸೆ ಬಿಡಲಿಲ್ಲ. “ನಡುವ ತಲಿ ಎತ್ತಿ ಏನೋ ಅಂತಾಳಲ್ಲ, ಅದೇನು?” ಎಂದು ಕೇಳಿದರು.

“ನಾ ಕ್ಯಾಮರಾದೋರ ಬಾಜೂಕ ನಿಂತಿದ್ನಿರಿ. ಬುತ್ತಿಗಂಟಿಗೆ ಇರುವಿ ಹತ್ತ್ಯಾವ, ನಿಂತಕೊಂಡು ನೋಡಾಕತ್ತೀಯಲ್ಲ, ಝಾಡಿಸಿ ಗಿಡಕ್ಕ ಕಟ್ಟು ಅಂದ್ಲು.”

ಇದು ಯಾರಿಗೂ ರುಚಿಸಲಿಲ್ಲ. ಬೀಜಮಂತ್ರದ ಜಾಗದಲ್ಲಿ ಇರುವೆಯನ್ನು ಕೂರಿಸಲು ನಮ್ಮ ಬಳಗ ತಯಾರಿರಲಿಲ್ಲ. ಮಾಸ್ತರರು ಕನ್ನಡಕ ಸರಿಮಾಡಿಕೊಂಡು, “ಆಕಿ ಖರೇ ಜೀವನದಾಗ ಯಾರು ಅನ್ನೋದು ಮುಖ್ಯ ಅಲ್ಲಪಾ. ಪರದೆ ಮ್ಯಾಗ ಬಂದ ಮ್ಯಾಲೆ ಆಕಿ ನಿನ್ನ ಹೆಂಡ್ತಿ ಅಲ್ಲ” ಎಂದರು. ಇವರು ಆ ಮಾತನ್ನು ಕೇಳಿಸಿಕೊಂಡು, ಪ್ಯಾಂಟು ಇಳಿಸಿ, ಕಪ್ಪುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋದರು.

ಮುಂದಿನ ವಾರ ಸಂಜೆ ಅವರು ನಮ್ಮ ಮನೆಗೆ ಬಂದರು. ಬಳಗದಿಂದ ಒಂದು ಪುಸ್ತಕ ತರುವ ತಯಾರಿ ನಡೆದಿತ್ತು, ನಾನು ಸಂಪಾದಕ. ಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಮತದಾರರ ಕಾರ್ಡು ತೆಗೆದು ಕೈಗಿಟ್ಟರು. ಹೆಂಡತಿಯ ಹೆಸರು, ಗಂಡನ ಹೆಸರು, ಊರು ಎಲ್ಲ ಬರೋಬ್ಬರಿ. ಮುಖ ಮಾತ್ರ ಯಾರದೋ. ದೊಡ್ಡ ಮೂಗುತಿಯ, ವಯಸ್ಸಾದ ಯಾವಳೋ ಹೆಂಗಸು. ಯಾರದೋ ಕೈತಪ್ಪು. ತಿದ್ದಿಸಬೇಕೆಂದು ಓಡಾಡುವಷ್ಟರಲ್ಲಿ ಆಕೆ ಕಾಮಾಲೆಯಾಗಿ ಹದಿನೈದು ದಿನದಲ್ಲಿ ಹೋಗಿಬಿಟ್ಟಳು. ಮದುವೆಯಲ್ಲಿ ತೆಗೆಸಿದ ರೀಲು ತೊಳೆಯುವಾಗಲೇ ಕೆಟ್ಟಿತ್ತು. ಬೇರೆ ಫೋಟೋ ಇಲ್ಲ.

“ಮನ್ಯಾಗ ಬುದ್ಧನ ಫೋಟೋ ಬಾಜೂಕ ಒಂದು ಮೊಳಿ ಹೊಡದಿಟ್ಟೀನಿ ಸರ್ರ, ಇಷ್ಟು ವರ್ಷ ಖಾಲಿ ಐತಿ. ಈ ಯೂಟ್ಯೂಬ್‌ನ್ಯಾಗ ಆಕಿ ಬಂದಾಳ ಅಂತ ಮಗಳು ತೋರಿಸಿದಾಗ ನಾ ಎರಡು ದಿನ ಉಣ್ಣಲಿಲ್ಲ. ನೋಡ್ರಿ, ಕಾರ್ಡಿನ್ಯಾಗ ಹೆಸರೈತಿ, ಮುಖ ಇಲ್ಲ. ಟಿವ್ಯಾಗ ಮುಖ ಐತಿ, ಹೆಸರಿಲ್ಲ. ಎರಡೂ ಒಂದ ಕಡಿ ಬಂದದ್ದು ನಾ ನೋಡಿಲ್ಲ. ನಿಮ್ಮ ಪುಸ್ತಕದಾಗ ಆಕಿ ಚಿತ್ರ ಹಾಕ್ತೀರಲ್ಲ, ಅದರ ಬುಡಕ ಹೆಸರು ಹಾಕಿಬಿಡ್ರಿ. ಆ ಹಾಳಿ ಕತ್ತರಿಸಿ ಕಟ್ಟು ಹಾಕಸ್ತೀನಿ.”

“ನಿಮ್ಮ ಹೆಸರೂ ಹಾಕ್ತೀನಿ, ಈ ಮಾಹಿತಿ ಕೊಟ್ಟೋರು ನೀವೇ ಅಲ್ಲ” ಎಂದೆ.

“ನನ್ನ ಹೆಸರು ಬ್ಯಾಡ್ರಿ. ಆಕಿದು ಹಾಕ್ರಿ, ಸಾಕು.”

ನಾನು ಆಗಲಿ ಎಂದೆ. ಚಹಾ ಕುಡಿಸಿದೆ. ಬಾಗಿಲವರೆಗೆ ಹೋಗಿ ಕಳಿಸಿದೆ. ಆ ‘ಆಗಲಿ’ ಹೇಳಿದವನು ನಾನು, ಬೇರೆ ಯಾರೂ ಅಲ್ಲ.

ಬಳಗದ ಸಭೆಯಲ್ಲಿ ವಿಷಯ ಇಟ್ಟೆ. ಹೆಸರು ಹಾಕಿದರೆ ಆ ದೃಶ್ಯದ ನಿಗೂಢತೆ ಹೋಗುತ್ತದೆ ಎಂದರು ಮಾಸ್ತರರು. ಮಜಾನೇ ಕೆಡುತ್ತದೆ ಎಂದರು ಔಷಧಿ ಅಂಗಡಿಯವರು. ಬೆಂಗಳೂರಿನಿಂದ, ಧಾರವಾಡದಿಂದ ಅಭಿಮಾನಿಗಳು ಬರುವವರಿದ್ದಾರೆ, ಅವರ ಮುಂದೆ ‘ಇದು ನಾಟಿ, ಈಕೆ ಕೂಲಿಯವಳು’ ಎಂದರೆ ನಗುತ್ತಾರೆ ಎಂದು ಇನ್ನೊಬ್ಬರು. ಕೈ ಎತ್ತಿಸಿದರು. ಹನ್ನೆರಡು ಕೈ ‘ಬೇಡ’ಕ್ಕೆ ಎದ್ದವು. ಹೊಸದಾಗಿ ಸೇರಿದ್ದ ನರ್ಸಮ್ಮ ಒಬ್ಬರೇ ‘ಬೇಕು’ ಎಂದರು. ನನ್ನ ಕೈ ಎರಡಕ್ಕೂ ಏಳಲಿಲ್ಲ. ನಾನು ಸಂಪಾದಕ, ನಡುವಿನವನು ಎಂದು ನನಗೆ ನಾನೇ ಹೇಳಿಕೊಂಡೆ. ಅಂಜುಬುರುಕರು ಹೇಳಿಕೊಳ್ಳುವ ಮಾತು ಅದು.

ಪುಸ್ತಕ ಬಂತು. ನಲವತ್ತೆರಡನೆಯ ಪುಟದಲ್ಲಿ ಆಕೆಯ ಚಿತ್ರ, ಕೆಳಗೆ ‘ಅನಾಮಿಕಳು’. ಬಿಡುಗಡೆಯ ದಿನ ಪುಸ್ತಕದ ಕಟ್ಟುಗಳನ್ನು ಆಟೋದಿಂದ ಸಭಾಂಗಣಕ್ಕೆ ಹೊರಲು ನಾವು ಯಾರಿಗೆ ಹೇಳಿದೆವು? ಅವರಿಗೇ ಹೇಳಿದೆವು. ಮೊದಲ ಕಟ್ಟು ಬಿಚ್ಚಿ, ಅಂಗಿಗೆ ಕೈ ಒರೆಸಿಕೊಂಡು, ಒಂದು ಪ್ರತಿ ತೆರೆದರು. ನಾನು ದೂರದಿಂದ ನೋಡುತ್ತಿದ್ದೆ. ಪುಟ ಹುಡುಕಿದರು, ಸಿಕ್ಕಿತು. ಓದಿದರು. ಬೆರಳಿನಿಂದ ಆ ಪದದ ಮೇಲೆ ಒಮ್ಮೆ ಉಜ್ಜಿದರು. ಪುಸ್ತಕ ಮುಚ್ಚಿ ಕಟ್ಟಿಗೆ ಸೇರಿಸಿ, ಕುರ್ಚಿ ಹಾಕಲು ಹೋದರು. ಮಧ್ಯಾಹ್ನ ಒಂಬತ್ತನೆಯ ಕಂತು ಹಾಕಿದಾಗ ಸರಿಯಾದ ಹೊತ್ತಿಗೆ ಫ್ಯಾನುಗಳು ನಿಂತವು. ಧಾರವಾಡದವರು ಕೂಗಿದರು.

ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದರು. ಮಾಸ್ತರರೂ ಪಕ್ಕದಲ್ಲಿದ್ದರು. ನಾನು ಮೊದಲೇ ಬಾಯಿ ತೆರೆದು, ಎರಡನೆಯ ಮುದ್ರಣದಲ್ಲಿ ನೋಡೋಣ, ಬಳಗದ ತೀರ್ಮಾನ, ಹೆಸರು ಹಾಕಿದರೆ ಮಜಾ ಹೋಗುತ್ತದೆ ಎಂದರು ಎಂದೆಲ್ಲ ತೊದಲಿದೆ. ಅವರು ನನ್ನನ್ನು ಬಿಟ್ಟು ಮಾಸ್ತರರ ಕಡೆ ತಿರುಗಿದರು.

“ಸರ್ರ, ನಿಮ್ಮೂರ ಗುಡ್ಡದ ಕಲ್ಲು ನೋಡಾಕ ನಾನೂ ಆಕಿನೂ ವರ್ಷಾ ಬರ್ತಿದ್ವಿರಿ. ನೀವ ಒಮ್ಮೆ ಹುಡುಗರಿಗೆ ಹೇಳಾಕತ್ತಿದ್ರಿ, ನಾವು ಬಾಜೂಕ ನಿಂತು ಕೇಳಿದ್ವಿ. ಬ್ಯಾರೆ ಕಡಿ ಕಲ್ಲಿನ್ಯಾಗ ಬಿರುದು ಅಷ್ಟ ಐತಿ, ಯಾವ ರಾಜ ಅಂತ ಗೊತ್ತಾಗ್ತಿದ್ದಿಲ್ಲ, ನಮ್ಮ ಮಸ್ಕಿ ಕಲ್ಲಿನ್ಯಾಗ ಹೆಸರೈತಿ, ಅದಕ್ಕ ಇದು ದೊಡ್ಡದು ಅಂದ್ರಿ. ಹೌದಲ್ರಿ? ರಾಜನ ಹೆಸರು ಸಿಕ್ಕ ಮ್ಯಾಲೆ ಆ ಕಲ್ಲಿನ ಮಜಾ ಕೆಟ್ಟೇತೇನ್ರಿ?”

ಅವರು ಕೋಣೆಯ ಕೀಲಿಯನ್ನು ಮೇಜಿನ ಮೇಲೆ ಇಟ್ಟು, “ಇನ್ನ ಐತ್ವಾರ ನಾ ಬರಂಗಿಲ್ರಿ” ಎಂದು ಹೇಳಿ ಬಸ್ ಸ್ಟ್ಯಾಂಡಿಗೆ ನಡೆದರು.

ಸೋಮವಾರ ಗಂಟೆ ಹೊಡೆಯಿತು. ನಾನು ಎದ್ದೆ, ಕೈ ಚಾಚಿದೆ. ಅಂಗೈಗೆ ತುಂಡು ಚಾಕ್‌ಪೀಸು ಬಂತು. ಮರುದಿನವೂ ತುಂಡು. ಅವರು ನಿವೃತ್ತರಾಗುವವರೆಗೆ, ಎರಡು ವರ್ಷ, ನಾನು ಎಷ್ಟು ಬೇಗ ಎದ್ದು ಹೋದರೂ ನನಗೆ ಸಿಕ್ಕಿದ್ದು ತುಂಡೇ. ಮುಖದಲ್ಲಿ ಸಿಟ್ಟಿರಲಿಲ್ಲ, ನಮಸ್ಕಾರ ತಪ್ಪಿಸಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗೆಲ್ಲಿತ್ತು?

ಮಣ್ಣಿಗೆ ಹೋದ ದಿನ ಅವರ ಮನೆಯೊಳಗೆ ಮೊದಲ ಸಲ ಕಾಲಿಟ್ಟೆ. ಬುದ್ಧನ ಫೋಟೋದ ಪಕ್ಕ ಮೊಳೆ ಇತ್ತು, ಬರಿಯ ಮೊಳೆ. ಮಗಳು ನನ್ನ ಕಣ್ಣು ಅಲ್ಲಿ ನಿಂತದ್ದನ್ನು ನೋಡಿದಳು. “ನಾ ಫೋನಿನ್ಯಾಗಿಂದು ತೆಗೆಸಿ ಕಟ್ಟು ಹಾಕಸ್ತೀನಿ ಅಂದ್ನಿರಿ. ಬ್ಯಾಡ ಅಂದ. ಸಾಲಿ ಕಲಿತೋರು ಹೆಸರು ಹಾಕಿ ಕೊಡ್ಲಿ, ಆಗ ಹಾಕೋಣು ಅಂತಿದ್ದ” ಎಂದಳು.

ಈಗ ಬಳಗ ಎರಡನೆಯ ಮುದ್ರಣ ತರುತ್ತಿದೆ. ‘ನಮ್ಮ ಹಿರಿಯ ಅಭಿಮಾನಿ’ಯ ಬಗ್ಗೆ ಒಂದು ವ್ಯಕ್ತಿಚಿತ್ರ ಬರೆದುಕೊಡಿ, ಅವರ ಹೆಸರು ದಪ್ಪ ಅಕ್ಷರದಲ್ಲಿ ಬರಲಿ, ಫೋಟೋ ಇರಲಿ, ಹೆಂಡತಿಯ ವಿಷಯ ಮಾತ್ರ ಸೂಕ್ಷ್ಮವಾಗಿ ಹೇಳಿ ಎಂದು ಮೊನ್ನೆ ಮಾಸ್ತರರು ಫೋನು ಮಾಡಿದ್ದರು. ಬರೆದಿದ್ದೇನೆ. ಅವರ ಹೆಸರು ಬರೆದಿಲ್ಲ, ಬೇಡ ಎಂದಿದ್ದರು. ಅವರ ಫೋಟೋ ಕೊಡುತ್ತಿಲ್ಲ. ನನ್ನ ಹನ್ನೊಂದು ಪುಟ ಕಿತ್ತುಹಾಕಿ ಆ ಜಾಗದಲ್ಲಿ ಇದನ್ನು ಹಾಕಬೇಕು, ಒಂದಕ್ಷರ ತೆಗೆಯಬಾರದು. ಈ ಸಲ ಯಾರೂ ಕೈ ಎತ್ತುವುದು ಬೇಡ. ಬಳಗ ಒಪ್ಪದಿದ್ದರೆ ನಾನೇ ಒಂದು ಹಾಳೆ ಅಚ್ಚು ಹಾಕಿಸಿ ತುರ್ವಿಹಾಳಕ್ಕೆ ಒಯ್ಯುತ್ತೇನೆ. ಆ ಮೊಳೆಗೆ ಬೇಕಾದದ್ದು ಒಂದೇ ಹಾಳೆ.

ಈ ಬರಹದ ಜೊತೆ ಇರುವುದು ಒಂಬತ್ತನೆಯ ಕಂತಿನ ಚಿತ್ರ. ಆಕೆ ತಲೆ ಎತ್ತಿ, ಗಂಡನನ್ನು ಬೈದು, ನಗುತ್ತಿರುವ ಗಳಿಗೆ. ಅದರ ಕೆಳಗೆ ಹೀಗೆ ಇರಬೇಕು:

ಹುಲಿಗೆಮ್ಮ, ತುರ್ವಿಹಾಳ. ನೆಲ್ಲು ಹಚ್ಚುತ್ತಿದ್ದಾಳೆ.